ಮರದ ಹಲಗೆಯ ಮಹಾಕಲಾವಿದ ಹೊಕುಸಾಯ್

ಒಂದೆರಡು ಬಟ್ಟಲು ಶಾವಿಗೆಯ ಬೆಲೆಗೆ ಮಹಾಕಲಾವಿದನೊಬ್ಬನ ಚಿತ್ರ ದೊರೆಯುತ್ತಿದ್ದಿತೆಂದರೆ ವಾಚಕರಿಗೆ ಅಚ್ಚರಿಯಾದೀತು. ಜಪಾನಿನ ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಅಂಥ ಕಾಲವೊಂದಿದ್ದಿತು. ಆ ಕಾಲದ ಕಲಾವಿದನೇ ಕತ್ಸುಶಿಕ ಹೊಕುಸಾಯ್.

1760ರಲ್ಲಿ ಅದೇ ನಗರದಲ್ಲಿ ಜನಿಸಿದ ಈತನು ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಇಳಿದನು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಲ್ಲಿ ಕೆಲಸ ಮಾಡಿದನು. ಬಳಿಕ ಮರದ ಅಚ್ಚು ಕೆತ್ತುವವರಲ್ಲಿ ಉಳಿ ಹಿಡಿಯಲು ಕಲಿತನು. ಹದಿನೆಂಟರ ಸುಮಾರಿಗೆ ಕತ್ಸುಕಾವ ಶುನ್‌ಶೋ ಎಂಬ ಹೆಸರಾಂತ ಚಿತ್ರಗಾರನ ಶಿಷ್ಯನಾದನು.

ಅಚ್ಚಿನ ಚಿತ್ರವು ಒಬ್ಬನ ಕೈಗೆಲಸವಲ್ಲ. ಪ್ರಕಾಶಕನು ಹಣ ಹೂಡುವನು. ಚಿತ್ರಗಾರನು ತೆಳುಕಾಗದದ ಮೇಲೆ ಗೆರೆಗಳನ್ನೆಳೆಯುವನು. ಕೆತ್ತನೆಗಾರನು ಅದನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಯನ್ನು ಮಾತ್ರ ಉಳಿಸಿ ಮಿಕ್ಕುದನ್ನು ಕೆತ್ತಿ ತೆಗೆಯುವನು. ಬಣ್ಣಗಳಿಗೆ ಬೇರೆ ಬೇರೆ ಅಚ್ಚುಗಳು ಬೇಕು. ಮುದ್ರಕನು ಬಣ್ಣ ಬಳಿದು, ಕಾಗದವನ್ನಿಟ್ಟು, ಕೈಯಿಂದಲೇ ಉಜ್ಜಿ ಅಚ್ಚೊತ್ತುವನು. ಒಬ್ಬನ ಕೈ ತಪ್ಪಿದರೆ ಎಲ್ಲರ ಶ್ರಮವೂ ವ್ಯರ್ಥ. ಉಳಿಯ ಕಷ್ಟವನ್ನು ಬಲ್ಲ ಹೊಕುಸಾಯ್ ಈ ಕೈಗಳ ಬೆಲೆಯನ್ನು ಮರೆಯಲಿಲ್ಲ. ಮುಪ್ಪಿನಲ್ಲಿಯೂ ತನ್ನ ಪುಸ್ತಕಚಿತ್ರಗಳನ್ನು ಎಗಾವ ತೊಮೆಕಿಚಿಯೆಂಬ ಕೆತ್ತನೆಗಾರನಿಂದಲೇ ಕೆತ್ತಿಸಬೇಕೆಂದು ಪ್ರಕಾಶಕರಿಗೆ ಪತ್ರ ಬರೆದನು.

ಆತನಿಗೆ ಲೋಕಕೀರ್ತಿ ತಂದ 'ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು' ಹೊರಬರತೊಡಗಿದಾಗ ವಯಸ್ಸು ಎಪ್ಪತ್ತರ ಸುಮಾರು. ಜನರ ಮೆಚ್ಚಿಗೆಯಿಂದ ಮತ್ತೆ 10 ಚಿತ್ರಗಳು ಸೇರಿ 46 ಆದುವು. ದೊಡ್ಡ ಅಲೆಯ ಚಿತ್ರದಲ್ಲಿ ಪರ್ವತವು ದೂರದಲ್ಲಿ ಕಿರಿದಾಗಿ ಕಾಣುವುದು. ಮುಂದೆ, ಅಲೆಯ ಬಾಯಲ್ಲಿ, ದೋಣಿಗಳಿಗೆ ಅಂಟಿಕೊಂಡ ಹುಟ್ಟುಗಾರರಿದ್ದಾರೆ. ಬೇರೆ ಚಿತ್ರಗಳಲ್ಲಿ ಪೀಪಾಯಿ ಮಾಡುವವನೂ ಮರ ಕೊಯ್ಯುವವರೂ ಇದ್ದಾರೆ. ಪರ್ವತದಷ್ಟೇ ಗೌರವವನ್ನು ಆತನು ದುಡಿಯುವವರಿಗೂ ಸಲ್ಲಿಸಿದನೆಂದು ನಾವು ಭಾವಿಸುತ್ತೇವೆ.

ಬದುಕು ಮಾತ್ರ ಸುಖದ್ದಾಗಿರಲಿಲ್ಲ. ಮೊಮ್ಮಗನು ಸಾಲದ ಹೊರೆ ಹೊರಿಸಿದನು. 1839ರಲ್ಲಿ ಮನೆಗೆ ಬೆಂಕಿ ಬಿದ್ದು ಅಸಂಖ್ಯ ರೇಖಾಚಿತ್ರಗಳು ಬೂದಿಯಾದುವು. ಆದರೂ, ತಾನೂ ಚಿತ್ರಗಾರ್ತಿಯಾಗಿದ್ದ ಮಗಳು ಓಯಿಯೊಡನೆ ವೃದ್ಧನು ಮತ್ತೆ ಕುಂಚ ಹಿಡಿದನು. 1849ರಲ್ಲಿ, 88ರ ವಯಸ್ಸಿನಲ್ಲಿ ಕಣ್ಣು ಮುಚ್ಚುವಾಗಲೂ, ಇನ್ನೈದು ವರ್ಷ ದೊರೆತಿದ್ದರೆ ನಿಜವಾದ ಚಿತ್ರಗಾರನಾಗುತ್ತಿದ್ದೆನೆಂದು ಹಂಬಲಿಸಿದನಂತೆ.

ಕಲಿತದ್ದು ಸಾಕೆಂದು ನಾವು ಎಷ್ಟು ಬೇಗ ಕೈಚೆಲ್ಲುತ್ತೇವೆ! ಆ ಮುದುಕನಿಗೆ ತೊಂಬತ್ತರ ಹೊಸ್ತಿಲಲ್ಲಿಯೂ ಸಾಕೆನಿಸಲಿಲ್ಲ.