ಬೆಂಕಿಗೆ ಲೆಕ್ಕ ಕಟ್ಟಿದ ಸಾದಿ ಕಾರ್ನೋ

ಪ್ರಥಮ ಪಿಯುಸಿಯ ಕಿರುಪರೀಕ್ಷೆಯಲ್ಲಿ ಒಂದು ಲೆಕ್ಕ ಬಂದಿತ್ತು. 327 ಡಿಗ್ರಿ ಮತ್ತು 27 ಡಿಗ್ರಿ ಸೆಲ್ಸಿಯಸ್ ನಡುವೆ ಕೆಲಸ ಮಾಡುವ ಎಂಜಿನ್ನಿನ ಗರಿಷ್ಠ ದಕ್ಷತೆ ಎಷ್ಟು ಎಂದು ಕೇಳಿದ್ದರು. ನಾನು ಆ ಅಂಕಿಗಳನ್ನು ಹಾಗೆಯೇ ಸೂತ್ರಕ್ಕೆ ಹಾಕಿ ಶೇ. 92 ಎಂದು ಬರೆದೆ. ಸರ್ ಅದರ ಮೇಲೆ ಕೆಂಪು ಗೆರೆ ಎಳೆದಿದ್ದರು. ಕೆಲ್ವಿನ್‌ಗೆ ಬದಲಾಯಿಸಿದರೆ 600 ಮತ್ತು 300 ಆಗುತ್ತದೆ, ಸರಿಯುತ್ತರ ಶೇ. 50. ಅಂಕ ಹೋದದ್ದಕ್ಕಿಂತ ಬೇರೊಂದು ವಿಷಯ ನನ್ನನ್ನು ಕಾಡಿತು. ಸ್ವಲ್ಪವೂ ದೋಷವಿಲ್ಲದ ಎಂಜಿನ್ ಕೂಡ ಅರ್ಧ ಶಾಖವನ್ನು ಬಿಟ್ಟುಕೊಡಲೇಬೇಕು ಎಂದರೆ ಹೇಗೆ? ಇದನ್ನು ಮೊದಲು ಕಂಡವರು ಯಾರು ಎಂದು ಹುಡುಕಿದಾಗ ಸಿಕ್ಕಿದ ಬದುಕಿನ ಕಥೆ ಇದು.

ತರಗತಿಯಲ್ಲಿ ನಾವು ಕಾರ್ನಾಟ್ ಎನ್ನುತ್ತೇವೆ, ಫ್ರೆಂಚರು ಕಾರ್ನೋ ಎನ್ನುತ್ತಾರೆ. ಪೂರ್ಣ ಹೆಸರು ನಿಕೊಲಾ ಲಿಯೊನಾರ್ ಸಾದಿ ಕಾರ್ನೋ. ಸಾದಿ ಎಂಬ ಹೆಸರು ನೋಡಿ ನನಗೆ ಆಶ್ಚರ್ಯವಾಯಿತು. ಗುಲಿಸ್ತಾನ್, ಬೋಸ್ತಾನ್ ಬರೆದ ಶಿರಾಜಿನ ಶೇಖ್ ಸಾದಿಯವರ ಹೆಸರೇ ಅದು! ತಂದೆ ಲಾಜಾರ್ ಕಾರ್ನೋ ಆ ಪಾರ್ಸಿ ಕವಿಯ ಮೇಲಿನ ಅಭಿಮಾನದಿಂದ ಮಗನಿಗೆ ಈ ಹೆಸರಿಟ್ಟಿದ್ದರು. ಮಗು ಹುಟ್ಟಿದ್ದು 1796ರ ಜೂನ್ 1ರಂದು, ಪ್ಯಾರಿಸ್ಸಿನಲ್ಲಿ.

ಲಾಜಾರ್ ಗಣಿತಜ್ಞರೂ ಹೌದು, ಫ್ರೆಂಚ್ ಕ್ರಾಂತಿಯ ಸೇನೆಯನ್ನು ಸಂಘಟಿಸಿದವರೂ ಹೌದು. ಯಂತ್ರಗಳ ಬಗ್ಗೆ ಅವರು ಪುಸ್ತಕ ಬರೆದಿದ್ದರು. ಸಾದಿ ಹದಿನಾರನೇ ವಯಸ್ಸಿಗೆ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಅಂದರೆ ನಮ್ಮ ಪಿಯುಸಿಯ ವಯಸ್ಸು. 1814ರಲ್ಲಿ ಶತ್ರು ಸೇನೆಗಳು ಪ್ಯಾರಿಸ್ಸಿಗೆ ಬಂದಾಗ ಸಹಪಾಠಿಗಳ ಜೊತೆ ಊರನ್ನು ಕಾಯಲು ಹೋರಾಡಿದರು. ಮರುವರ್ಷ ನೆಪೋಲಿಯನ್ ಸೋತ ಮೇಲೆ ತಂದೆ ದೇಶಭ್ರಷ್ಟರಾದರು. ಸೇನೆಯ ಎಂಜಿನಿಯರ್ ಆಗಿದ್ದ ಮಗನಿಗೆ ಆ ದೊಡ್ಡ ಹೆಸರೇ ಭಾರವಾಯಿತು. ಕೊನೆಗೆ ಅರ್ಧ ಸಂಬಳದ ರಜೆಯ ಮೇಲೆ ಪ್ಯಾರಿಸ್ಸಿಗೆ ಬಂದು ಓದಿನಲ್ಲಿ ತೊಡಗಿದರು. 1821ರಲ್ಲಿ ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿದ್ದ ತಂದೆಯನ್ನು ನೋಡಿ ಬಂದರು. ಎರಡು ವರ್ಷಗಳ ನಂತರ ತಂದೆ ಅಲ್ಲಿಯೇ ತೀರಿಕೊಂಡರು.

ಆ ಕಾಲದಲ್ಲಿ ಉಗಿಯಂತ್ರಗಳಲ್ಲಿ ಇಂಗ್ಲೆಂಡ್ ಬಹಳ ಮುಂದಿತ್ತು. ಆದರೆ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಬಹಳ ಸಣ್ಣ ಪಾಲು ಮಾತ್ರ ಕೆಲಸವಾಗುತ್ತಿತ್ತು. ಎಲ್ಲರೂ ಯಂತ್ರವನ್ನು ತಿದ್ದುತ್ತಿದ್ದರು. ಇದಕ್ಕೆ ಒಂದು ಮಿತಿ ಇದೆಯೇ ಎಂದು ಕೇಳಿದವರು ಸಾದಿ. ನೀರಿನ ಚಕ್ರಕ್ಕೆ ನೀರು ಎತ್ತರದಿಂದ ಬೀಳಬೇಕು. ಹಾಗೆಯೇ ಶಾಖವೂ ಬಿಸಿಯಿಂದ ತಂಪಿನ ಕಡೆಗೆ ಇಳಿಯಬೇಕು, ಆ ಇಳಿತದಲ್ಲಿಯೇ ಕೆಲಸ ಹುಟ್ಟುತ್ತದೆ ಎಂದು ಅವರು ಯೋಚಿಸಿದರು. ಮಿತಿಯನ್ನು ನಿರ್ಧರಿಸುವುದು ಎರಡು ತಾಪಗಳು ಮಾತ್ರ, ಯಂತ್ರದೊಳಗೆ ಉಗಿ ಇದೆಯೋ ಗಾಳಿ ಇದೆಯೋ ಎಂಬುದಲ್ಲ. ಇದನ್ನೆಲ್ಲ ಬರೆದ ಚಿಕ್ಕ ಪುಸ್ತಕವನ್ನು 1824ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಪ್ರತಿಗಳು 600. ಹೆಚ್ಚು ಜನ ಅದನ್ನು ಗಮನಿಸಲಿಲ್ಲ.

ಒಂದು ತಪ್ಪೂ ಅದರಲ್ಲಿತ್ತು. ಶಾಖವು ಖರ್ಚಾಗದ ಒಂದು ದ್ರವ ಎಂಬ ಅಂದಿನ ನಂಬಿಕೆಯನ್ನು ಅವರು ಒಪ್ಪಿದ್ದರು. ಆದರೆ ಅದಕ್ಕೇ ಅಂಟಿಕೊಳ್ಳಲಿಲ್ಲ. ಆಮೇಲಿನ ಟಿಪ್ಪಣಿಗಳಲ್ಲಿ ಆ ನಂಬಿಕೆಯನ್ನು ಬಿಟ್ಟು, ಶಾಖ ಮತ್ತು ಕೆಲಸ ಒಂದಕ್ಕೊಂದು ಬದಲಾಗುತ್ತವೆ ಎಂದು ಲೆಕ್ಕ ಹಾಕಿದ್ದರು. ಅವನ್ನು ಪ್ರಕಟಿಸುವಷ್ಟು ಆಯುಷ್ಯ ಸಿಗಲಿಲ್ಲ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲರಾ ಹರಡಿತು. ಮೊದಲೇ ಕಾಯಿಲೆಯಿಂದ ಸೊರಗಿದ್ದ ಸಾದಿ ಆಗಸ್ಟ್ 24ರಂದು ತೀರಿಕೊಂಡರು. ವಯಸ್ಸು 36. ಸೋಂಕಿನ ಭಯದಿಂದ ಅವರ ವಸ್ತುಗಳ ಜೊತೆ ಬಹಳಷ್ಟು ಕಾಗದಗಳೂ ನಾಶವಾದವು. ಉಳಿದ ಟಿಪ್ಪಣಿಗಳನ್ನು ತಮ್ಮ ಇಪೊಲಿತ್ 1878ರಲ್ಲಿ ಬೆಳಕಿಗೆ ತಂದರು.

ಪುಸ್ತಕವನ್ನು ಉಳಿಸಿದವರು ಕ್ಲಪೇರೋನ್. 1834ರಲ್ಲಿ ಅವರು ಅದನ್ನು ಗಣಿತದ ರೂಪದಲ್ಲಿ ವಿವರಿಸಿದರು. ಅದನ್ನು ಓದಿದ ವಿಲಿಯಂ ಥಾಮ್ಸನ್ 1845ರಲ್ಲಿ ಪ್ಯಾರಿಸ್ಸಿನ ಅಂಗಡಿಗಳಲ್ಲಿ ಮೂಲ ಪುಸ್ತಕವನ್ನು ಹುಡುಕಿದರೂ ಸಿಗಲಿಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಆದವರು ಇವರೇ. 1848ರಲ್ಲಿ ಅವರು ಕೊಟ್ಟ ತಾಪಮಾನದ ಅಳತೆಗೆ ಕಾರ್ನೋ ವಿಚಾರವೇ ಆಧಾರ. ನನ್ನ ಉತ್ತರಪತ್ರಿಕೆಯಲ್ಲಿ ತಪ್ಪಿದ್ದು ಇದೇ ಕೆಲ್ವಿನ್!

ಈ ಲೆಕ್ಕ ಇಂದಿಗೂ ವಿದ್ಯುತ್ ಸ್ಥಾವರಗಳನ್ನು ಆಳುತ್ತಿದೆ. ನಮ್ಮ ರಾಯಚೂರಿನಂಥ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ಉಗಿ ಮಾಡಿ ಟರ್ಬೈನ್ ತಿರುಗಿಸುತ್ತಾರೆ. ಉಗಿ 540 ಡಿಗ್ರಿ, ತಂಪು ತುದಿ 30 ಡಿಗ್ರಿ ಎಂದುಕೊಂಡರೆ ಮಿತಿ ಸುಮಾರು ಶೇ. 63. ಇಂಥ ಹಳೆಯ ಸ್ಥಾವರಗಳಿಗೆ ನಿಜದಲ್ಲಿ ದಕ್ಕುವುದು ಮೂರನೇ ಒಂದು ಪಾಲಿನ ಆಸುಪಾಸು. ಹೆಚ್ಚು ಬೇಕಾದರೆ ಇಳಿತದ ಎತ್ತರ ಹೆಚ್ಚಬೇಕು. ಅದಕ್ಕಾಗಿ ಕಲ್ಲಿದ್ದಲನ್ನು ಪೂರ್ತಿ ಸುಡದೆ, ಕಡಿಮೆ ಆಮ್ಲಜನಕದಲ್ಲಿ ಕಾಯಿಸಿ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಇರುವ ಅನಿಲ ಮಾಡುತ್ತಾರೆ. ಶುದ್ಧ ಮಾಡಿದ ಆ ಅನಿಲವನ್ನು ಗ್ಯಾಸ್ ಟರ್ಬೈನಿನಲ್ಲಿ ಸಾವಿರಕ್ಕೂ ಹೆಚ್ಚು ಡಿಗ್ರಿಯಲ್ಲಿ ಉರಿಸುತ್ತಾರೆ. ಹೊರಬರುವ ಬಿಸಿ ಹೊಗೆಯಿಂದಲೇ ಉಗಿ ಮಾಡಿ ಎರಡನೇ ಟರ್ಬೈನ್ ತಿರುಗಿಸುತ್ತಾರೆ. ಒಂದೇ ಶಾಖ ಎರಡು ಮೆಟ್ಟಿಲು ಇಳಿದು ಎರಡು ಬಾರಿ ದುಡಿಯುತ್ತದೆ. ನೆದರ್‌ಲೆಂಡ್ಸ್‌ನ ಬುಗೆನಮ್‌ನಲ್ಲಿ ಇಂಥ ಸ್ಥಾವರ ಶೇ. 43ರಷ್ಟು ದಕ್ಷತೆ ಕಂಡಿತ್ತು. ಅನಿಲ ಮಾಡುವಾಗಲೂ, ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವಾಗಲೂ ಶಕ್ತಿ ಖರ್ಚಾಗುವುದರಿಂದ ಅದಕ್ಕಿಂತ ಮೇಲೇರುವುದು ಸುಲಭವಲ್ಲ. ಖರ್ಚೂ ಹೆಚ್ಚು. ಆ ಸ್ಥಾವರ 2013ರಲ್ಲಿ ಮುಚ್ಚಿತು.

ಮನುಷ್ಯ ತೀರಿಕೊಂಡ ಮೇಲೂ ನಿಲ್ಲದೆ ಮುಂದುವರಿಯುವ ಸತ್ಕರ್ಮಗಳಲ್ಲಿ ಜನರಿಗೆ ಉಪಯೋಗವಾಗುವ ವಿದ್ಯೆಯೂ ಒಂದು ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಸಾದಿ ಕಾರ್ನೋ ಬದುಕು ಓದುವಾಗ ನನಗೆ ನೆನಪಾದದ್ದು ಅದೇ. ಬದುಕಿದ್ದಾಗ ಅವರಿಗೆ ಹೆಸರು ಬರಲಿಲ್ಲ. ತಪ್ಪನ್ನು ತಾವೇ ತಿದ್ದಿಕೊಂಡದ್ದೂ ಯಾರಿಗೂ ಗೊತ್ತಾಗಲಿಲ್ಲ. ಆದರೂ ಕೆಲಸ ಉಳಿಯಿತು. ಈಗ ಆ ಸೂತ್ರ ಬರೆಯುವಾಗ ನಾನು ಮೊದಲು 273 ಕೂಡಿಸುತ್ತೇನೆ, ಆಮೇಲೆ ಅವರನ್ನು ನೆನೆಯುತ್ತೇನೆ.