ಮೂಡಲ ಬಾಗಿಲಿನ ಗುರುಗಳು ಶ್ರೀಪಾದರಾಜರು

ಜ್ಯೇಷ್ಠ ಶುದ್ಧ ತ್ರಯೋದಶಿ, ಚತುರ್ದಶಿ ಮತ್ತು ಪೌರ್ಣಮಿ, ಈ ಮೂರು ದಿನಗಳು ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜ ಗುರುಸಾರ್ವಭೌಮರ ಪೂರ್ವಾರಾಧನೆ, ಮಧ್ಯಾರಾಧನೆ ಮತ್ತು ಉತ್ತರಾರಾಧನೆಗಳ ಪುಣ್ಯದಿನಗಳು. ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿರುವ ನಮ್ಮ ಮಾಧ್ವ ಕುಟುಂಬಗಳಿಗೆ ಈ ಕ್ಷೇತ್ರವು ದೂರದ್ದಲ್ಲ. ಬೆಳಗಿನ ಆಹ್ನಿಕವನ್ನು ಮುಗಿಸಿಕೊಂಡು ಬೇತಮಂಗಲದ ಮಾರ್ಗವಾಗಿಯೋ ಕೋಲಾರದ ಮಾರ್ಗವಾಗಿಯೋ ಹೊರಟರೆ ಮಹಾಪೂಜೆಯ ವೇಳೆಗೆ ಸೇರಬಹುದು. ತೀರ್ಥಪ್ರಸಾದಗಳನ್ನು ಸ್ವೀಕರಿಸಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಬಹುದು. ಆದರೆ ಈ ಸೌಲಭ್ಯವೇ ನಮ್ಮಲ್ಲಿ ಒಂದು ಔದಾಸೀನ್ಯವನ್ನು ಉಂಟುಮಾಡಿದೆಯೋ ಎಂಬ ಶಂಕೆಯುಂಟು. ಹತ್ತಿರವಿರುವ ಕ್ಷೇತ್ರವನ್ನು ನೋಡಿ ಬರುವುದು ನಮಗೆ ರೂಢಿಯಾಗಿದೆ. ಅಲ್ಲಿ ವಾಸಮಾಡುವುದೆಂದರೇನೆಂಬುದನ್ನು ಮರೆಯುತ್ತಿದ್ದೇವೆ. ಒಂದು ಊರಿನಲ್ಲಿ ನಿಂತು, ಆ ಊರಿನ ಬೀದಿಗಳನ್ನೇ ವಿದ್ಯಾಪೀಠವನ್ನಾಗಿ ಮಾಡಿದ ಮಹನೀಯರ ಚರಿತ್ರೆಯನ್ನು ಸ್ಮರಿಸಲು ಇದಕ್ಕಿಂತ ಉಚಿತವಾದ ಕಾಲವಿಲ್ಲ.

ಧ್ರುವಾಂಶಸಂಭೂತರೆಂದು ಸಂಪ್ರದಾಯಜ್ಞರು ಕೊಂಡಾಡುವ ಶ್ರೀಪಾದರಾಜರು ಹದಿನೈದನೆಯ ಶತಮಾನದಲ್ಲಿ ಚನ್ನಪಟ್ಟಣದ ಸಮೀಪದ ಅಬ್ಬೂರಿನಲ್ಲಿ ಅವತರಿಸಿದರು. ತಂದೆ ಶೇಷಗಿರಿಯಪ್ಪನವರು, ತಾಯಿ ಗಿರಿಯಮ್ಮನವರು. ಪೂರ್ವಾಶ್ರಮದ ಹೆಸರು ಲಕ್ಷ್ಮೀನಾರಾಯಣ. ಮುಂದೆ ಅಬ್ಬೂರಿನ ಪೀಠವನ್ನು ಅಲಂಕರಿಸಿದ ಶ್ರೀಬ್ರಹ್ಮಣ್ಯತೀರ್ಥರು ಪೂರ್ವಾಶ್ರಮದಲ್ಲಿ ಇವರಿಗೆ ಹತ್ತಿರದ ಬಂಧುಗಳು. ಮನೆಯಲ್ಲಿ ಬಡತನವಿದ್ದುದರಿಂದ ಬಾಲಕನು ದನಕಾಯಲು ಹೋಗುತ್ತಿದ್ದನು.

ಆ ಕಾಲದಲ್ಲಿ ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀಪದ್ಮನಾಭತೀರ್ಥರ ಪರಂಪರೆಯಲ್ಲಿ ಬಂದ ಶ್ರೀಸ್ವರ್ಣವರ್ಣತೀರ್ಥರು ಅಬ್ಬೂರಿಗೆ ದಯಮಾಡಿಸುತ್ತಿದ್ದರು. ಸಂಜೆ ಸಮೀಪಿಸಿತ್ತು. ದಾರಿಯಲ್ಲಿ ಕಂಡ ದನಗಾಹಿ ಬಾಲಕನನ್ನು, ಊರು ಇನ್ನೆಷ್ಟು ದೂರವೆಂದು ಅವರು ವಿಚಾರಿಸಿದರು. ಬಾಲಕನು ಹರದಾರಿಯ ಲೆಕ್ಕವನ್ನು ಹೇಳಲಿಲ್ಲ. ಮುಳುಗುತ್ತಿರುವ ಸೂರ್ಯನನ್ನೂ, ಇನ್ನೂ ಮೇಯುತ್ತಿರುವ ದನಗಳನ್ನೂ, ತನ್ನ ಎಳೆಯ ವಯಸ್ಸನ್ನೂ ನೋಡಿ ಸ್ವಾಮಿಗಳೇ ತಿಳಿದುಕೊಳ್ಳಬಹುದೆಂದು ವಿನಯದಿಂದ ವಿಜ್ಞಾಪಿಸಿದನು. ಊರು ದೂರವಾಗಿದ್ದರೆ ಇಷ್ಟು ಚಿಕ್ಕ ಹುಡುಗನು ಈ ಹೊತ್ತಿನಲ್ಲಿ ನಿಶ್ಚಿಂತನಾಗಿ ನಿಂತಿರುತ್ತಿರಲಿಲ್ಲವೆಂಬುದು ಅದರ ತಾತ್ಪರ್ಯ. ಪಾಠಶಾಲೆಯ ಮೆಟ್ಟಲು ಹತ್ತದ ಬಾಲಕನ ಬಾಯಿಯಲ್ಲಿ ಅನುಮಾನಪ್ರಮಾಣವು ಇಷ್ಟು ಸಹಜವಾಗಿ ಬಂದುದನ್ನು ಕಂಡು ಯತಿಗಳು ಆನಂದಭರಿತರಾದರು. ತಂದೆತಾಯಿಗಳನ್ನು ಒಪ್ಪಿಸಿ, ಬಾಲಕನನ್ನು ತಮ್ಮೊಡನೆ ಕರೆದುಕೊಂಡು ಹೋಗಿ, ಉಪನಯನ ವೇದಾಧ್ಯಯನಗಳನ್ನು ಮಾಡಿಸಿ, ಕಾಲಕ್ರಮದಲ್ಲಿ ಲಕ್ಷ್ಮೀನಾರಾಯಣತೀರ್ಥರೆಂಬ ಹೆಸರಿನಿಂದ ಆಶ್ರಮವನ್ನು ಅನುಗ್ರಹಿಸಿದರು.

ಅನಂತರ ಅವರು ಉದ್ದಾಮ ಪಂಡಿತರಾದ ಶ್ರೀವಿಬುಧೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನವನ್ನು ಮಾಡಿದರು. ಕೃಷ್ಣಾತೀರದ ಕೊಪ್ಪರ ನರಸಿಂಹ ಕ್ಷೇತ್ರದಲ್ಲಿ ಶ್ರೀವಿಬುಧೇಂದ್ರತೀರ್ಥರ ಮತ್ತು ಉತ್ತರಾದಿಮಠದ ಶ್ರೀರಘುನಾಥತೀರ್ಥರ ಸಮ್ಮುಖದಲ್ಲಿ ಈ ಯುವಯತಿಗಳು ಶ್ರೀಮನ್ನ್ಯಾಯಸುಧೆಯನ್ನು ಅನುವಾದಮಾಡಿದರೆಂದೂ, ಆ ಪ್ರೌಢಿಮೆಗೆ ಮೆಚ್ಚಿದ ಶ್ರೀರಘುನಾಥತೀರ್ಥರು, ತಾವೆಲ್ಲರೂ ಶ್ರೀಪಾದರಾದರೆ ಇವರು ಶ್ರೀಪಾದರಿಗೆ ರಾಜರೆಂದು ಅಪ್ಪಣೆ ಕೊಡಿಸಿದರೆಂದೂ ಐತಿಹ್ಯವಿದೆ. ಅಂದಿನಿಂದ ಲೋಕವು ಅವರನ್ನು ಶ್ರೀಪಾದರಾಜರೆಂದೇ ಕರೆಯಿತು.

ಇಂತಹ ವಿದ್ವತ್ತಿಗೆ ಎಲ್ಲಿ ಬೇಕಾದರೂ ಆಶ್ರಯ ದೊರೆಯುತ್ತಿತ್ತು. ವಿಜಯನಗರದ ಆಸ್ಥಾನವಿತ್ತು, ಗುರುಗಳ ಬೃಂದಾವನವಿರುವ ಶ್ರೀರಂಗವಿತ್ತು. ಆದರೆ ಶ್ರೀಪಾದರಾಜರು ನೆಲೆನಿಂತುದು ಮುಳಬಾಗಿಲಿನಲ್ಲಿ. ಈ ಊರು ಆಗಲೇ ಪ್ರಾಚೀನವಾದುದು. ಮೂಡಲ ಬಾಗಿಲು ಎಂಬ ಹೆಸರೇ ಮುಳಬಾಗಿಲಾಯಿತು. ವಿಜಯನಗರದ ಅರಸರ ಕಾಲದಲ್ಲಿ ಇದು ಒಂದು ರಾಜ್ಯದ, ಎಂದರೆ ಇಂದಿನ ಮಾತಿನಲ್ಲಿ ಒಂದು ಪ್ರಾಂತದ, ಮುಖ್ಯ ಪಟ್ಟಣವಾಗಿತ್ತು. ಇಮ್ಮಡಿ ದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶನು ಇಲ್ಲಿ ಆಡಳಿತ ನಡೆಸಿದನು. ಊರೊಳಗೆ ಅರ್ಜುನನಿಂದ ಪ್ರತಿಷ್ಠಿತನಾದನೆಂದು ಪ್ರತೀತಿಯಿರುವ ಆಂಜನೇಯಸ್ವಾಮಿ. ಹತ್ತಿರದ ವಿರೂಪಾಕ್ಷಿಯಲ್ಲಿ ವಿರೂಪಾಕ್ಷೇಶ್ವರ. ಕುರುಡುಮಲೆಯಲ್ಲಿ ಏಕಶಿಲೆಯ ಮಹಾಗಣಪತಿ. ಊರ ಹೊರಗಿನ ನರಸಿಂಹತೀರ್ಥದಲ್ಲಿ ಶ್ರೀಅಕ್ಷೋಭ್ಯತೀರ್ಥರು ಅಂಗಾರದಿಂದ ಬರೆದುದೆಂದು ಹೇಳಲಾಗುವ ಯೋಗನರಸಿಂಹದೇವರ ಸನ್ನಿಧಾನ. ಶ್ರೀಅಕ್ಷೋಭ್ಯತೀರ್ಥರಿಗೂ ವಿದ್ಯಾರಣ್ಯರಿಗೂ ವಾದವು ನಡೆದುದು ಇದೇ ಪರಿಸರದಲ್ಲೆಂದು ನಮ್ಮ ಸಂಪ್ರದಾಯವು ನಂಬಿದೆ. ಹೀಗೆ ವ್ಯಾಪಾರಿಗಳೂ, ದಂಡಿನವರೂ, ನಾನಾ ಮತಗಳ ಪಂಡಿತರೂ ಓಡಾಡುತ್ತಿದ್ದ ಊರಿನ ಅಂಚಿನಲ್ಲಿ, ಬೆಟ್ಟ ಬಂಡೆ ಪುಷ್ಕರಿಣಿಗಳ ನಡುವೆ, ಶ್ರೀಪಾದರಾಜರು ಪಾಠಪೀಠವನ್ನು ಹಾಕಿಸಿದರು. ಪೂರ್ವಿಕರು ಬಿಟ್ಟುಹೋದ ಸನ್ನಿಧಾನವನ್ನು ಬರಿಯ ದರ್ಶನದ ವಸ್ತುವನ್ನಾಗಿ ಉಳಿಸದೆ ನಿತ್ಯಪಾಠದ ಸ್ಥಳವನ್ನಾಗಿ ಮಾಡಿದುದು ಅವರ ಮೊದಲ ಉಪಕಾರ.

ಆ ಪಾಠದ ಫಲವಾಗಿ ಶ್ರೀಮನ್ನ್ಯಾಯಸುಧೆಗೆ ವಾಗ್ವಜ್ರವೆಂಬ ವ್ಯಾಖ್ಯಾನವು ಅವತರಿಸಿತು. ಆ ಪಾಠದ ಇನ್ನೊಂದು ಫಲ ಶ್ರೀವ್ಯಾಸರಾಜರು. ಬನ್ನೂರಿನಲ್ಲಿ ಜನಿಸಿ, ಶ್ರೀಬ್ರಹ್ಮಣ್ಯತೀರ್ಥರಿಂದ ಆಶ್ರಮವನ್ನು ಪಡೆದ ಆ ಯುವಯತಿಗಳು ಶಾಸ್ತ್ರವ್ಯಾಸಂಗಕ್ಕಾಗಿ ಮುಳಬಾಗಿಲಿಗೆ ಬಂದು ಅನೇಕ ವರ್ಷಗಳ ಕಾಲ ಶ್ರೀಪಾದರಾಜರ ಸನ್ನಿಧಿಯಲ್ಲಿದ್ದರು. ಒಂದು ದಿನ ಅವರು ಗುಹೆಯಲ್ಲಿ ಧ್ಯಾನಾಸಕ್ತರಾಗಿದ್ದಾಗ ಘಟಸರ್ಪವೊಂದು ಅವರ ಶರೀರವನ್ನು ಸುತ್ತಿಕೊಂಡಿತಂತೆ. ಶಿಷ್ಯರು ಭಯದಿಂದ ಓಡಿಬಂದು ಅರಿಕೆಮಾಡಿಕೊಂಡರು. ಶ್ರೀಪಾದರಾಜರು ಸ್ವಲ್ಪವೂ ಕಳವಳಗೊಳ್ಳದೆ ಸರ್ಪಭಾಷೆಯಲ್ಲಿಯೇ ಮಾತನಾಡಿ ಅದನ್ನು ಕಳುಹಿಸಿದರೆಂದು ಹಿರಿಯರು ಹೇಳುತ್ತಾರೆ. ನರಸಿಂಹತೀರ್ಥದ ಗುಹೆಯನ್ನು ನೋಡುವ ಮಕ್ಕಳಿಗೆ ಈ ಕಥೆಯನ್ನು ತಪ್ಪದೆ ಹೇಳಬೇಕು.

ಶ್ರೀಪಾದರಾಜರ ವೈಭವವು ಲೋಕಪ್ರಸಿದ್ಧವಾದುದು. ಸಾಳುವ ನರಸಿಂಹನು ಅವರಲ್ಲಿ ಪರಮಭಕ್ತನಾಗಿದ್ದನು. 1485ರಿಂದ 1491ರವರೆಗೆ ವಿಜಯನಗರದ ಸಿಂಹಾಸನದಲ್ಲಿದ್ದ ಈ ಅರಸನಿಗೆ ಹಿಂದೆ ಬ್ರಹ್ಮಹತ್ಯಾದೋಷವು ಒದಗಿದ್ದಿತೆಂದೂ, ಶ್ರೀಪಾದರಾಜರು ಶಂಖೋದಕವನ್ನು ಪ್ರೋಕ್ಷಿಸಿ ಅದನ್ನು ನಿವಾರಿಸಿದರೆಂದೂ ಕಥೆಯಿದೆ. ಇಷ್ಟರಿಂದಲೇ ಮಹಾಪಾಪವು ಹೋಗುವುದೇ ಎಂದು ಕೆಲವರು ಸಂಶಯಿಸಿದಾಗ, ಕಪ್ಪು ಕಲೆ ಹತ್ತಿದ ವಸ್ತ್ರಕ್ಕೆ ಅದೇ ಶಂಖೋದಕವನ್ನು ಪ್ರೋಕ್ಷಿಸಲಾಗಿ ಅದು ಶುಭ್ರವಾಯಿತಂತೆ. ಕೃತಜ್ಞನಾದ ಅರಸನು ಗುರುಗಳನ್ನು ಸಿಂಹಾಸನದಲ್ಲಿ ಕುಳ್ಳಿರಿಸಿ ರತ್ನಾಭಿಷೇಕವನ್ನು ಮಾಡಿದನು. ರಂಗವಿಠಲನಿಗೆ ನಿತ್ಯವೂ ಅರುವತ್ತನಾಲ್ಕು ಬಗೆಯ ಭಕ್ಷ್ಯಗಳು ನೈವೇದ್ಯವಾಗುತ್ತಿದ್ದುವು. ಗುರುಗಳು ಪೀತಾಂಬರ ಆಭರಣಗಳನ್ನು ಧರಿಸುತ್ತಿದ್ದರು. ಯತಿಗಳಿಗೆ ಇಷ್ಟು ಭೋಗವೇಕೆಂದು ಆ ಕಾಲದಲ್ಲಿಯೇ ಆಕ್ಷೇಪಿಸಿದವರುಂಟು. ಆದರೆ ರತ್ನದಲ್ಲಿ ಸ್ನಾನಮಾಡಿದವರು ಮರುದಿನ ಬೆಳಿಗ್ಗೆ ಎಂದಿನಂತೆ ನರಸಿಂಹತೀರ್ಥದ ಪಾಠಪೀಠದಲ್ಲಿ ಕುಳಿತಿದ್ದರೆಂಬುದನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಬಂದ ಸಂಪತ್ತೆಲ್ಲವೂ ಹರಿಯದೆಂಬ ಭಾವನೆಯಿಂದ ಅವರು ಅದರ ನಡುವೆ ಇದ್ದರು. ಅದಕ್ಕಾಗಿ ಊರನ್ನು ಬಿಡಲಿಲ್ಲ.

ಅವರ ಎರಡನೆಯ ಉಪಕಾರ ಇನ್ನೂ ದೊಡ್ಡದು. ಸಂಸ್ಕೃತದಲ್ಲಿ ಸುಧಾವ್ಯಾಖ್ಯಾನವನ್ನು ರಚಿಸಿದವರೇ ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದರು. ಪಂಢರಪುರದ ಯಾತ್ರೆಯಲ್ಲಿ ಸ್ವಪ್ನಸೂಚನೆಯಂತೆ ಭೂಮಿಯನ್ನು ಅಗೆಸಿದಾಗ ಎರಡು ಪೆಟ್ಟಿಗೆಗಳು ದೊರೆತುವು. ಒಂದರಲ್ಲಿ ರಂಗವಿಠಲನ ಮೂರ್ತಿಯಿದ್ದಿತು. ಅದೇ ಅವರ ಕೃತಿಗಳ ಅಂಕಿತವಾಯಿತು. ಇನ್ನೊಂದು ಪೆಟ್ಟಿಗೆಯು ಯಾರ ಕೈಯಿಂದಲೂ ತೆರೆಯಲಿಲ್ಲ. ಮುಂದೆ ಶ್ರೀವ್ಯಾಸರಾಜರ ಹಸ್ತಸ್ಪರ್ಶದಿಂದ ಅದು ತೆರೆದುಕೊಂಡಾಗ ವೇಣುಗೋಪಾಲಕೃಷ್ಣನು ನರ್ತಿಸುತ್ತ ದರ್ಶನವಿತ್ತನಂತೆ. ಗುರುಗಳು ಆ ಮೂರ್ತಿಯನ್ನು ತಾವು ಇಟ್ಟುಕೊಳ್ಳದೆ ಶಿಷ್ಯರಿಗೇ ಅನುಗ್ರಹಿಸಿದರು.

ಭ್ರಮರಗೀತೆ, ವೇಣುಗೀತೆ, ಗೋಪೀಗೀತೆ ಮೊದಲಾದ ಕೃತಿಗಳಲ್ಲಿ ಭಾಗವತದ ದಶಮಸ್ಕಂಧದ ಸಾರವು ನಮ್ಮ ಮನೆಮಾತಿನಲ್ಲಿ ಹರಿದಿದೆ. ಮಧ್ವನಾಮದಲ್ಲಿ ಹನುಮ ಭೀಮ ಮಧ್ವರೆಂಬ ವಾಯುದೇವರ ಮೂರು ಅವತಾರಗಳ ಮಹಿಮೆಯು ಅಡಕವಾಗಿದೆ. ಇದಕ್ಕೆ ಶ್ರೀಜಗನ್ನಾಥದಾಸರು ಫಲಸ್ತುತಿಯನ್ನು ಬರೆದಿದ್ದಾರೆ. ಶಾಸ್ತ್ರಾಧಿಕಾರವಿಲ್ಲದವರಿಗೂ, ವ್ಯಾಕರಣವನ್ನು ಓದದವರಿಗೂ, ಅಡಿಗೆಮನೆಯಲ್ಲಿ ಮಡಿಯುಟ್ಟು ದುಡಿಯುವ ತಾಯಂದಿರಿಗೂ ತತ್ತ್ವವು ತಲುಪಿದುದು ಈ ದಾರಿಯಿಂದ. ಇಂದಿಗೂ ಅನೇಕ ಮನೆಗಳಲ್ಲಿ ಮಧ್ವನಾಮವು ಪುಸ್ತಕದ ಸಹಾಯವಿಲ್ಲದೆ ಬರುವುದು ಅಜ್ಜಿಯರಿಗೆ ಮಾತ್ರ. ಹರಿದಾಸಪಿತಾಮಹರೆಂಬ ಬಿರುದು ಶ್ರೀಪಾದರಾಜರಿಗೆ ಅನ್ವರ್ಥವಾದುದು. ಅವರ ಶಿಷ್ಯರಾದ ಶ್ರೀವ್ಯಾಸರಾಜರ ಕಾಲದಲ್ಲಿಯೇ ಪುರಂದರದಾಸರೂ ಕನಕದಾಸರೂ ಬೆಳಗಿದರು.

ಮೂರನೆಯ ಉಪಕಾರವು ತ್ಯಾಗರೂಪವಾದುದು. ವಿದ್ಯೆ ಪೂರ್ಣವಾದ ಮೇಲೆ ಶ್ರೀವ್ಯಾಸರಾಜರನ್ನು ತಮ್ಮ ಹತ್ತಿರವೇ ಉಳಿಸಿಕೊಳ್ಳಬಹುದಾಗಿತ್ತು. ವೃದ್ಧಾಪ್ಯದಲ್ಲಿ ಅಂತಹ ಶಿಷ್ಯರು ಬಳಿಯಲ್ಲಿರಬೇಕೆಂದು ಯಾವ ಗುರುವಿಗೆ ತಾನೆ ಅನಿಸದು? ಆದರೆ ಶ್ರೀಪಾದರಾಜರು ಅವರನ್ನು ಚಂದ್ರಗಿರಿಯ ಸಾಳುವ ನರಸಿಂಹನ ಆಸ್ಥಾನಕ್ಕೆ ಹೋಗುವಂತೆ ಅಪ್ಪಣೆ ಕೊಡಿಸಿದರು. ಅಲ್ಲಿಂದ ತಿರುಮಲೆ, ತಿರುಮಲೆಯಿಂದ ವಿಜಯನಗರ, ನ್ಯಾಯಾಮೃತ ತಾತ್ಪರ್ಯಚಂದ್ರಿಕಾ ತರ್ಕತಾಂಡವಗಳ ರಚನೆ, 1539ರಲ್ಲಿ ಬೃಂದಾವನಪ್ರವೇಶ, ಇವೆಲ್ಲವೂ ನಮಗೆ ತಿಳಿದ ವಿಷಯಗಳೇ. ಆ ಮಹಾಪ್ರವಾಹದ ಉಗಮವು ಮುಳಬಾಗಿಲಿನ ಬಂಡೆಗಳ ನಡುವೆ ಇದೆ. ಗುರುಗಳನ್ನು ಕುರಿತು ಶ್ರೀವ್ಯಾಸರಾಜರು ಪಂಚರತ್ನಸ್ತೋತ್ರವನ್ನು ರಚಿಸಿ ತಮ್ಮ ಕೃತಜ್ಞತೆಯನ್ನು ಸಲ್ಲಿಸಿದ್ದಾರೆ.

ವೃದ್ಧಾಪ್ಯದಲ್ಲಿ ಶ್ರೀಪಾದರಾಜರಿಗೆ ಗಂಗಾಸ್ನಾನದ ಅಪೇಕ್ಷೆಯುಂಟಾಯಿತು. ದೂರಪ್ರಯಾಣಕ್ಕೆ ದೇಹವು ಒಪ್ಪಲಿಲ್ಲ. ಆಗ ಗಂಗಾದೇವಿಯೇ ನರಸಿಂಹತೀರ್ಥದ ಪುಷ್ಕರಿಣಿಯಲ್ಲಿ ಸನ್ನಿಹಿತಳಾದಳೆಂದು ಆಸ್ತಿಕರ ದೃಢವಾದ ನಂಬಿಕೆ. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಅವರು ಹರಿಪಾದವನ್ನು ಸೇರಿದರು. ಬೃಂದಾವನವು ಅವರು ಪಾಠ ಹೇಳಿದ ಸ್ಥಳದಲ್ಲಿಯೇ ಇದೆ.

ಈಗ ನಮ್ಮ ವಿಷಯಕ್ಕೆ ಬರೋಣ. ನಾವು ವಾಸಿಸುವುದು ಚಿನ್ನದ ಹೆಸರಿನ ನಾಡಿನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಆಧುನಿಕ ಗಣಿಗಾರಿಕೆಯನ್ನು ಕೈಗೊಂಡರು. 1894ರಲ್ಲಿ, ಆಗ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಗಣಿಗೆ ರೈಲುದಾರಿಯಾಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದಿತು. ಬೇತಮಂಗಲದ ಕೆರೆಯಿಂದ ಪಾಲಾರಿನ ನೀರು ಬಂದಿತು. ಚಾಂಪಿಯನ್ ರೀಫ್ ಗಣಿಯನ್ನು ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ತೋಡಿದರು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನವನ್ನು ಹೊರತೆಗೆದು, 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದರು. ಅಂದಿನಿಂದ ನಮ್ಮ ಅನೇಕ ಬಂಧುಗಳು ಊರು ಬಿಟ್ಟರು. ಉಳಿದವರಲ್ಲಿ ಎಷ್ಟೋ ಮಂದಿ ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮನೆಗೆ ಬರುತ್ತಾರೆ. ಜೀವನೋಪಾಯಕ್ಕಾಗಿ ಹೀಗೆ ತಿರುಗುವವರನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ದುಡಿಮೆಯಿಲ್ಲದೆ ಗೃಹಸ್ಥಧರ್ಮವು ನಡೆಯದು. ಆದರೆ ಒಂದು ಬೀದಿಯಲ್ಲಿ ಮಾಧ್ವರ ಮನೆಗಳಿದ್ದೂ, ಏಕಾದಶಿಯ ರಾತ್ರಿ ಒಂದು ಮನೆಯಲ್ಲಿಯೂ ಭಜನೆಯಿಲ್ಲದಿದ್ದರೆ, ಮಧ್ವನಾಮವು ಅಜ್ಜಿಯೊಡನೆಯೇ ಹೊರಟುಹೋದರೆ, ನಾವು ಆ ಬೀದಿಯಲ್ಲಿ ಮಲಗಿ ಏಳುತ್ತಿದ್ದೇವೆಯೇ ಹೊರತು ವಾಸಿಸುತ್ತಿಲ್ಲ.

ಶ್ರೀಪಾದರಾಜರು ಮುಳಬಾಗಿಲಿಗೆ ಬಂದಾಗ ಅಲ್ಲಿ ದೇವಾಲಯಗಳಿದ್ದುವು, ಪುಷ್ಕರಿಣಿಯಿದ್ದಿತು, ಪೂರ್ವಿಕರ ಕೀರ್ತಿಯಿದ್ದಿತು. ಅವರು ಹೊಸದಾಗಿ ಸೇರಿಸಿದುದು ನಿತ್ಯದ ಪಾಠ ಮತ್ತು ನಿತ್ಯದ ಗಾನ, ಇವೆರಡನ್ನು. ನಮ್ಮ ಶಕ್ತಿಗೆ ವಾಗ್ವಜ್ರವು ಎಟುಕದು. ವಾರಕ್ಕೆ ಒಂದು ಸಂಜೆ, ಒಂದು ಮನೆಯಲ್ಲಿ, ನಾಲ್ಕು ಮಕ್ಕಳನ್ನು ಕೂಡಿಸಿ ಮಧ್ವನಾಮದ ಎರಡು ನುಡಿಗಳನ್ನು ಹೇಳಿಕೊಡುವುದು ಎಟುಕುತ್ತದೆ. ಹೇಳಿಕೊಡಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರು ಇರುವಾಗಲೇ ಇದು ನಡೆಯಬೇಕು.

ಈ ವರ್ಷದ ಆರಾಧನೆಗೆ ಸಾಧ್ಯವಾದವರು ತ್ರಯೋದಶಿಯಂದೇ ಹೊರಟು ಮೂರು ದಿನಗಳ ಕಾಲ ಅಲ್ಲಿಯೇ ಇರಲಿ. ಬೆಳಿಗ್ಗೆ ಪುಷ್ಕರಿಣಿಯ ಪ್ರೋಕ್ಷಣೆ, ಮಧ್ಯಾಹ್ನ ಅಲಂಕಾರಪಂಕ್ತಿ, ಸಂಜೆ ಪ್ರವಚನ ದೇವರನಾಮಗಳು, ಇವೆಲ್ಲವನ್ನೂ ಮಕ್ಕಳು ಕಾಣಲಿ. ಉತ್ತರಾರಾಧನೆಯ ದಿನವೇ ಕಾರಹುಣ್ಣಿಮೆ. ಸುತ್ತಲಿನ ಹಳ್ಳಿಗಳಲ್ಲಿ ರೈತರು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುವ ದಿನ. ಅಬ್ಬೂರಿನ ಬಯಲಿನಲ್ಲಿ ದನಕಾಯುತ್ತಿದ್ದ ಬಾಲಕನನ್ನು ಅಂದು ನೆನೆಯೋಣ. ಊರು ಎಷ್ಟು ದೂರವೆಂದು ಕೇಳಿದ ಗುರುಗಳಿಗೆ, ಹತ್ತಿರವೇ ಇದೆಯೆಂದು ಅವನು ತನ್ನ ಇರವಿನಿಂದಲೇ ತೋರಿಸಿಕೊಟ್ಟನು. ನಮಗೂ ಗುರುಗಳ ಊರು ಹತ್ತಿರವೇ ಇದೆ.

ಶ್ರೀಪಾದರಾಜ ಗುರ್ವಂತರ್ಗತ ರಂಗವಿಠಲನು ಸಕಲ ಭಕ್ತರಿಗೂ ಸನ್ಮಂಗಳವನ್ನುಂಟುಮಾಡಲಿ.

ಶ್ರೀಕೃಷ್ಣಾರ್ಪಣಮಸ್ತು.