ಗೋಪಾಲಕರ ಗುರು ಥಾಮಸ್ ಬ್ಯಾಲಂಟೈನ್

ಹಾಲು ಒಡೆಯಿತೆಂದರೆ ನಮ್ಮ ಮನೆಗಳಲ್ಲಿ ನಷ್ಟವೆಂದೇ ಲೆಕ್ಕ. ಆದರೆ ಹಾಲನ್ನು ಕ್ರಮವರಿತು ಒಡೆಸಿ, ಅದನ್ನೇ ತಮ್ಮ ಸೀಮೆಯ ಒಕ್ಕಲಿಗರ ಜೀವನಾಧಾರವನ್ನಾಗಿ ಮಾಡಿದವರಲ್ಲಿ ಕೆನಡಾ ದೇಶದ ಥಾಮಸ್ ಬ್ಯಾಲಂಟೈನರು ಪ್ರಮುಖರು. ಅವರು ಮೊದಲು ಹಳ್ಳಿಯ ಉಪಾಧ್ಯಾಯರಾಗಿದ್ದವರೆಂಬುದು ಅದೇ ವೃತ್ತಿಯವರಾದ ನಮಗೆ ಅಭಿಮಾನದ ಸಂಗತಿ.

1829ರಲ್ಲಿ ಸ್ಕಾಟ್ಲೆಂಡಿನ ಪೀಬಲ್ಸ್ ಪಟ್ಟಣದಲ್ಲಿ ಜನಿಸಿದ ಬ್ಯಾಲಂಟೈನರು 1852ರಲ್ಲಿ ಕಡಲು ದಾಟಿ, ಇಂದು ಒಂಟಾರಿಯೋ ಎನಿಸಿರುವ ಪ್ರಾಂತದ ಪರ್ತ್ ಜಿಲ್ಲೆಯಲ್ಲಿ ನೆಲಸಿದರು. ಅಲ್ಲಿ ಪಾಠ ಹೇಳಿದರು, ಬೇಸಾಯವನ್ನೂ ಮಾಡಿದರು. ಕಾಡು ಕಡಿದು ಹೊಲ ಮಾಡಿದ್ದ ಆ ಪ್ರಾಂತದ ಜನ ಗೋಧಿಯನ್ನೇ ಬಹುವಾಗಿ ನೆಚ್ಚಿದ್ದರು. ವರ್ಷವರ್ಷವೂ ಅದನ್ನೇ ಬಿತ್ತಿ ಭೂಮಿಯ ಸಾರವಡಗಿತು. ಕೀಟಬಾಧೆಯೂ ತುಕ್ಕುರೋಗವೂ ಒಕ್ಕಲಿಗನನ್ನು ಕಂಗೆಡಿಸಿದುವು. ಇಂತಿರಲು, 1864ರಲ್ಲಿ ನ್ಯೂಯಾರ್ಕಿನ ಹಾರ್ವಿ ಫ್ಯಾರಿಂಗ್ಟನ್ನರು ಆ ಪ್ರಾಂತದಲ್ಲಿ ಚೀಸಿನ ಮೊದಲ ಕಾರ್ಖಾನೆಯನ್ನು ತೆರೆದು ಹೊಸ ದಾರಿ ತೋರಿದರು. 1867ರಲ್ಲಿ ಬ್ಯಾಲಂಟೈನರು ಬ್ಲ್ಯಾಕ್ ಕ್ರೀಕ್ ಎಂಬಲ್ಲಿ ತಮ್ಮ ಕಾರ್ಖಾನೆಯನ್ನು ಸ್ಥಾಪಿಸಿದರು.

ಚೀಸೆಂದರೆ ಹಾಲನ್ನು ಹೆಪ್ಪುಗಟ್ಟಿಸಿ, ನೀರು ಬಸಿದು, ಉಪ್ಪು ಬೆರೆಸಿ, ಒತ್ತಿ, ತಿಂಗಳುಗಟ್ಟಲೆ ಮಾಗಿಸಿದ ಪದಾರ್ಥ. ಕಾರ್ಖಾನೆಯ ಹಂಡೆಗೆ ಹಲವು ಮನೆಗಳ ಹಾಲು ಬೀಳುತ್ತಿತ್ತು. ಅದರಲ್ಲಿ ಒಂದು ಮನೆಯ ಹಾಲು ಹುಳಿಯಾಗಿದ್ದರೂ ಇಡೀ ಹಂಡೆಗೆ ಕೇಡು. ನೀರು ಬೆರೆಸಿದವನು, ಕೆನೆ ತೆಗೆದವನು ತನ್ನ ನೆರೆಯವನ ಪಾಲನ್ನೇ ಕದ್ದಂತಾಗುತ್ತಿತ್ತು. ಸರಕು ಮಾರಾಟವಾಗಬೇಕಾದುದು ಕಡಲಾಚೆಯ ಇಂಗ್ಲೆಂಡಿನಲ್ಲಿ. ಅಲ್ಲಿ ಕೊಳ್ಳುವವನಿಗೆ ಒಕ್ಕಲಿಗನ ಮುಖ ಕಾಣದು, ರುಚಿಯೊಂದೇ ಸಾಕ್ಷಿ. ಆದುದರಿಂದ ಈ ಉದ್ಯಮಕ್ಕೆ ಹಣಕ್ಕಿಂತ ಮಿಗಿಲಾಗಿ ಬೇಕಾಗಿದ್ದುದು ಶುಚಿ ಮತ್ತು ಶಿಕ್ಷಣ. ಹೈನುಗಾರರ ಸಂಘಗಳು ಆ ಶಿಕ್ಷಣದ ಪಾಠಶಾಲೆಗಳಾದುವು. ಅಂತಹ ಸಂಘದ ಅಧ್ಯಕ್ಷಪದವಿಯನ್ನು ಬ್ಯಾಲಂಟೈನರು ವಹಿಸಿದರು. ಚೀಸನ್ನು ತಯಾರಿಸಿದುದಲ್ಲದೆ ಪರದೇಶಕ್ಕೆ ರಫ್ತು ಮಾಡುವ ವರ್ತಕರೂ ಆದರು.

ಜನರ ವಿಶ್ವಾಸವು ಅವರನ್ನು ಪ್ರಾಂತದ ಶಾಸನಸಭೆಗೂ ಕರೆದೊಯ್ದಿತು. 1875ರಿಂದ 1894ರವರೆಗೆ ಅವರು ಲಿಬರಲ್ ಪಕ್ಷದ ಸದಸ್ಯರಾಗಿ ದಕ್ಷಿಣ ಪರ್ತ್ ಕ್ಷೇತ್ರವನ್ನು ಪ್ರತಿನಿಧಿಸಿದರು. 1891ರಿಂದ ಸಭಾಧ್ಯಕ್ಷರ ಪೀಠವನ್ನೂ ಅಲಂಕರಿಸಿದರು. 1904ರ ವೇಳೆಗೆ ಕೆನಡಾದಿಂದ ವರ್ಷಕ್ಕೆ 23 ಕೋಟಿ ಪೌಂಡಿಗೂ ಮಿಕ್ಕಿ ಚೀಸು ರಫ್ತಾಗುತ್ತಿತ್ತು. ಆ ಏಳಿಗೆಯನ್ನು ಕಣ್ಣಾರೆ ಕಂಡು, 1908ರಲ್ಲಿ ಸ್ಟ್ರಾಟ್‌ಫರ್ಡ್ ನಗರದಲ್ಲಿ ಅವರು ಕಾಲವಶರಾದರು.

ನಮ್ಮ ಊರುಗಳಲ್ಲಿಯೂ ಬೆಳಗಾದರೆ ಹಾಲಿನ ಸಂಘದ ಮುಂದೆ ತಂಬಿಗೆ, ಕ್ಯಾನುಗಳು ಸಾಲುಗಟ್ಟುತ್ತವೆ. ಹಲವು ಮನೆಗಳ ಹಾಲು ಒಂದೇ ಪಾತ್ರೆಯಲ್ಲಿ ಬೆರೆಯುವುದನ್ನು ಕಂಡಾಗಲೆಲ್ಲ ನಮಗೆ ಈ ದೂರದೇಶದ ಉಪಾಧ್ಯಾಯರ ನೆನಪಾಗುತ್ತದೆ. ಕೂಡಿ ಬಾಳುವವರಿಗೆ ಪ್ರಾಮಾಣಿಕತೆಯೇ ಮೂಲಧನ. ಹಾಲಿನ ಸಂಘಕ್ಕೆ ಸಲ್ಲುವ ಈ ಮಾತು ಭಾಷೆಯ ಸಂಘಕ್ಕೂ ಸಲ್ಲುತ್ತದೆ.